'ಮಾಯಾ' ಆಲ್ಬಂಗೆ ಸಿಕ್ಕ ತೀರ್ಪು: 2010ರ ಒಂದು ಪ್ರಕರಣ ಅಧ್ಯಯನ

ಬ್ರಿಟನ್ನಿನ ತಮಿಳು ಗಾಯಕಿ ಎಂ.ಐ.ಎ. ಅವರ ಮೂರನೇ ಆಲ್ಬಂ 'ಮಾಯಾ' ಅಮೆರಿಕದಲ್ಲಿ ಬಿಡುಗಡೆಯಾದದ್ದು 2010ರ ಜುಲೈ 13ರಂದು. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಅದಕ್ಕೆ ಕೊಟ್ಟದ್ದು ಹತ್ತಕ್ಕೆ 4.4. ರೋಲಿಂಗ್ ಸ್ಟೋನ್ ಪತ್ರಿಕೆ ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿತು. ನ್ಯೂಯಾರ್ಕಿನ ಹಿರಿಯ ವಿಮರ್ಶಕ ರಾಬರ್ಟ್ ಕ್ರಿಸ್ಟ್‌ಗೌ 'ಎ' ದರ್ಜೆ ಕೊಟ್ಟರು. ಹನ್ನೆರಡು ಹಾಡುಗಳ ಒಂದೇ ಆಲ್ಬಂ ಒಬ್ಬರಿಗೆ ಫೇಲು, ಇನ್ನೊಬ್ಬರಿಗೆ ಡಿಸ್ಟಿಂಕ್ಷನ್. ವಿಮರ್ಶೆಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಅದು ನೂರಕ್ಕೆ 68ಕ್ಕೆ ನಿಂತಿತು. ಅದೇ ಕಲಾವಿದೆಯ ಮೊದಲ ಆಲ್ಬಂ 'ಅರುಳರ್' (2005) ಅಲ್ಲಿ 88 ಪಡೆದಿತ್ತು, ಎರಡನೆಯ 'ಕಲಾ' (2007) 87.

ಇಪ್ಪತ್ತು ಅಂಕ ಕಳೆದುಹೋದದ್ದು ಎಲ್ಲಿ? ಸಂಗೀತ ಅಷ್ಟು ಕೆಟ್ಟಿತ್ತೇ, ಅಥವಾ ಬಿಡುಗಡೆಗೆ ಮುಂಚಿನ ಮೂರು ತಿಂಗಳಲ್ಲಿ ನಡೆದ ಗದ್ದಲ ಕಿವಿಯ ಮೇಲೆ ಕೂತಿತ್ತೇ? ಎರಡೂ ಸ್ವಲ್ಪ ಸ್ವಲ್ಪ ನಿಜ. ಆದರೆ ಯಾವುದು ಎಷ್ಟು ಎಂದು ಬಿಡಿಸಿ ನೋಡಲು ಈ ಪ್ರಕರಣದಲ್ಲಿ ಬೇಕಾದ ಸಾಕ್ಷ್ಯವೆಲ್ಲ ಸಿಗುತ್ತದೆ. ರಾಜಕೀಯ ಸಿಟ್ಟಿನ ಎಲೆಕ್ಟ್ರಾನಿಕ್ ಸಂಗೀತವನ್ನು ಹೇಗೆ ಕೇಳಬೇಕು, ಹೇಗೆ ಕೇಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆ ದಶಕದಲ್ಲಿ ಇನ್ನೊಂದಿಲ್ಲ.

ಅಂಕದ ಲೆಕ್ಕ

ಮೊದಲು ಆ 68ರ ತಲೆಬುಡ ನೋಡೋಣ. ಮೆಟಾಕ್ರಿಟಿಕ್ ಪ್ರತಿ ವಿಮರ್ಶೆಯನ್ನೂ ನೂರರ ಅಳತೆಗೆ ತರುತ್ತದೆ. ಹತ್ತಕ್ಕೆ 4.4 ಎಂದರೆ 44, ಐದಕ್ಕೆ ನಾಲ್ಕು ನಕ್ಷತ್ರ ಎಂದರೆ 80, 'ಎ' ದರ್ಜೆ ಎಂದರೆ 100. ಮೇಲೆ ಹೇಳಿದ ಮೂರನ್ನೇ ಕೂಡಿಸಿ ಭಾಗಿಸಿದರೆ 74.7 ಬರುತ್ತದೆ. ನಿಜವಾದ ಲೆಕ್ಕದಲ್ಲಿ ಪ್ರಕಟಣೆಗಳಿಗೆ ಬೇರೆ ಬೇರೆ ತೂಕವಿರುತ್ತದೆ, ಆ ತೂಕವನ್ನು ಅವರು ಹೊರಗೆ ಹೇಳುವುದಿಲ್ಲ. ಅವರದೇ ಪಟ್ಟಿಯ ಪ್ರಕಾರ 61ರಿಂದ 80ರವರೆಗಿನ ಅಂಕ 'ಬಹುತೇಕ ಮೆಚ್ಚುಗೆ'ಯ ವರ್ಗಕ್ಕೆ ಸೇರುತ್ತದೆ. ಅಂದರೆ ಕಾಗದದ ಮೇಲೆ 'ಮಾಯಾ' ಮೆಚ್ಚುಗೆ ಪಡೆದ ಆಲ್ಬಂ.

ಆದರೆ ಜನರ ನೆನಪಿನಲ್ಲಿ ಅದು ಬಿದ್ದ ಆಲ್ಬಂ ಆಗಿ ಉಳಿಯಿತು. ಸರಾಸರಿಯ ಗುಣವೇ ಅದು. ಎಲ್ಲರೂ 68 ಕೊಟ್ಟ ಆಲ್ಬಂಗೂ, ಅರ್ಧ ಜನ 44 ಮತ್ತು ಅರ್ಧ ಜನ 92 ಕೊಟ್ಟ ಆಲ್ಬಂಗೂ ಕೊನೆಗೆ ಒಂದೇ ಸಂಖ್ಯೆ ಸಿಗುತ್ತದೆ. ಮೊದಲನೆಯದು ಸಾಧಾರಣ, ಎರಡನೆಯದು ಜಗಳದ ವಸ್ತು. ಒಂದು ಆಲ್ಬಂ ಸಿಟ್ಟಿನಿಂದ ಹುಟ್ಟಿದ್ದರೆ ಅದರ ಅಂಕಗಳು ಚದುರುವುದು ಸಹಜ, ಆ ಚದುರುವಿಕೆಯೇ ಮುಖ್ಯ ಸುದ್ದಿ. ಸರಾಸರಿ ಅದನ್ನೇ ಅಳಿಸಿಹಾಕುತ್ತದೆ.

ಮಾರಾಟ ಬೇರೆಯದೇ ಕತೆ ಹೇಳುತ್ತದೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 'ಮಾಯಾ' 9ನೇ ಸ್ಥಾನಕ್ಕೆ ಏರಿತು, 'ಕಲಾ' 18ಕ್ಕೆ ನಿಂತಿತ್ತು. ಬ್ರಿಟನ್ನಿನಲ್ಲಿ 39ರಿಂದ 21ಕ್ಕೆ ಬಂತು. ಇದನ್ನು ಗೆಲುವು ಎಂದು ಓದುವುದೂ ತಪ್ಪಾಗುತ್ತದೆ: ಅಮೆರಿಕದಲ್ಲಿ ಎರಡೂ ಆಲ್ಬಂಗಳ ಮೊದಲ ವಾರದ ಮಾರಾಟ ಹೆಚ್ಚುಕಡಿಮೆ ಒಂದೇ, ಮೂವತ್ತು ಸಾವಿರಕ್ಕೆ ಸ್ವಲ್ಪ ಕೆಳಗೆ. ಆ ಮೂರು ವರ್ಷದಲ್ಲಿ ಇಡೀ ಸಿ.ಡಿ. ಮಾರುಕಟ್ಟೆ ಕುಸಿದಿದ್ದರಿಂದ ಅಷ್ಟೇ ಪ್ರತಿಗಳಿಗೆ ಮೇಲಿನ ಸ್ಥಾನ ಸಿಕ್ಕಿತು.

ಮೊದಲೆರಡು ಆಲ್ಬಂಗಳು ಕೊಟ್ಟಿದ್ದ ಹಿಡಿ

ಎಂ.ಐ.ಎ., ಅಂದರೆ ಮಾತಂಗಿ 'ಮಾಯಾ' ಅರುಳ್‌ಪ್ರಗಾಸಂ, ಹುಟ್ಟಿದ್ದು 1975ರಲ್ಲಿ ಲಂಡನ್ನಿನಲ್ಲಿ. ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಶ್ರೀಲಂಕಾಕ್ಕೆ ಮರಳಿತು. ಬಾಲ್ಯ ಜಾಫ್ನಾ ಕಡೆಯದು. ಯುದ್ಧ ಮೈಮೇಲೆ ಬಂದಾಗ ತಾಯಿ ಮಕ್ಕಳನ್ನು ಕಟ್ಟಿಕೊಂಡು ನಿರಾಶ್ರಿತರಾಗಿ ಮತ್ತೆ ಲಂಡನ್ ಸೇರಿದರು. ತಂದೆ ಅರುಳ್ ಪ್ರಗಾಸಂ 'ಈರೋಸ್' ಎಂಬ ತಮಿಳು ವಿದ್ಯಾರ್ಥಿ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರು. ಎಲ್.ಟಿ.ಟಿ.ಇ. ಬೇರೆ, ಈರೋಸ್ ಬೇರೆ. ಪಾಶ್ಚಾತ್ಯ ಪತ್ರಿಕೆಗಳು ಈ ಎರಡನ್ನೂ ಕಲಸಿ ಬರೆದದ್ದು ಒಂದೆರಡು ಸಲವಲ್ಲ, ಆ ಗೊಂದಲದ ಬಿಸಿ ಕೊನೆಗೆ ಆಲ್ಬಂಗೂ ತಟ್ಟಿತು.

'ಅರುಳರ್' ತಂದೆಯ ಭೂಗತ ಹೆಸರು, 'ಕಲಾ' ತಾಯಿಯ ಹೆಸರು. 'ಕಲಾ' ಮಾಡುವ ಹೊತ್ತಿಗೆ ಅಮೆರಿಕದ ವೀಸಾ ಸಿಗಲಿಲ್ಲ. ಹಾಗಾಗಿ ಭಾರತ, ಟ್ರಿನಿಡಾಡ್, ಜಮೈಕಾ, ಆಸ್ಟ್ರೇಲಿಯಾ ಮುಂತಾದ ಕಡೆ ತಿರುಗಾಡುತ್ತಲೇ ಧ್ವನಿಮುದ್ರಣ ನಡೆಯಿತು. ಚೆನ್ನೈನ ಉರುಮಿ ವಾದಕರ ಗುಂಪು ಅದರಲ್ಲಿದೆ, 'ಡಿಸ್ಕೋ ಡ್ಯಾನ್ಸರ್' ಸಿನಿಮಾದ 'ಜಿಮ್ಮಿ ಜಿಮ್ಮಿ'ಯ ಹೊಸ ರೂಪವಿದೆ. 'ಪೇಪರ್ ಪ್ಲೇನ್ಸ್' 2008ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಹೋಯಿತು. 'ಸ್ಲಮ್‌ಡಾಗ್ ಮಿಲಿಯನೇರ್'ಗಾಗಿ ಎ.ಆರ್. ರೆಹಮಾನ್ ಜೊತೆ ಮಾಡಿದ ಹಾಡು ಆಸ್ಕರ್ ನಾಮನಿರ್ದೇಶನ ಪಡೆಯಿತು.

ಆ ಎರಡು ಆಲ್ಬಂಗಳ ಬಗ್ಗೆ ಬರೆಯುವುದು ವಿಮರ್ಶಕರಿಗೆ ಸುಲಭವಿತ್ತು. ಈ ತಾಳ ಇಂಥ ಊರಿನದು, ಈ ಕೂಗು ಇಂಥ ಬೀದಿಯದು ಎಂದು ನಕ್ಷೆ ಹಿಡಿದು ಬರೆಯಬಹುದಿತ್ತು. 'ಮಾಯಾ' ಆ ನಕ್ಷೆಯನ್ನು ಕಿತ್ತುಹಾಕಿತು. ಅದು ಹೆಚ್ಚಾಗಿ ರೂಪುಗೊಂಡದ್ದು ಲಾಸ್ ಏಂಜಲೀಸ್‌ನ ಮನೆಯೊಳಗೆ, ಅಂತರ್ಜಾಲ ನೋಡುತ್ತ, ಹೊಸದಾಗಿ ಹುಟ್ಟಿದ ಮಗುವನ್ನು ಎತ್ತಿಕೊಂಡು. ಹೊರದೇಶದ ಬಣ್ಣ ಅದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮುಖಪುಟದಲ್ಲಿ ಯೂಟ್ಯೂಬ್‌ನ ವೀಡಿಯೊ ಓಡುವ ಪಟ್ಟಿಗಳು ಒಂದರ ಮೇಲೊಂದು ಬಿದ್ದು ಆಕೆಯ ಮುಖವನ್ನೇ ಮುಚ್ಚಿವೆ, ಕಣ್ಣು ಮಾತ್ರ ಕಾಣುತ್ತದೆ. ಹೆಸರನ್ನೂ ಹೆಚ್ಚಾಗಿ ಓರೆಗೆರೆಗಳಲ್ಲೇ ಬರೆದಿದ್ದರು, ಹುಡುಕುಪೆಟ್ಟಿಗೆಯಲ್ಲಿ ಹೊಡೆದರೆ ಸಿಗಬಾರದು ಎನ್ನುವ ಹಾಗೆ.

ಆಲ್ಬಂ ಒಳಗೆ ಏನಿದೆ

ಮೊದಲ ತುಣುಕು 'ದ ಮೆಸೇಜ್' ಒಂದು ನಿಮಿಷವೂ ಇಲ್ಲ. ಆಕೆಯ ತಮ್ಮ ಸುಗು ಅವರ ದನಿ. ಕಾಲ್ಬೆರಳಿನ ಮೂಳೆಗೆ ಪಾದದ ಮೂಳೆ, ಅದಕ್ಕೆ ಕಾಲಿನ ಮೂಳೆ ಎಂದು ಪೋಣಿಸುತ್ತ ಹೋಗುವ ಹಳೆಯ ಆಫ್ರಿಕನ್-ಅಮೆರಿಕನ್ ಹಾಡಿನ ವರಸೆ ಅದಕ್ಕಿದೆ. ಇಲ್ಲಿ ಮೂಳೆಗಳ ಬದಲು ಇಯರ್‌ಫೋನು ಐಫೋನಿಗೆ, ಐಫೋನು ಅಂತರ್ಜಾಲಕ್ಕೆ, ಅಂತರ್ಜಾಲ ಗೂಗಲ್‌ಗೆ, ಗೂಗಲ್ ಸರಕಾರಕ್ಕೆ ಜೋಡಣೆಯಾಗುತ್ತದೆ. ಹಿನ್ನೆಲೆಯಲ್ಲಿ ಕೀಲಿಮಣೆ ಕುಟ್ಟುವ ಸದ್ದೇ ತಾಳ.

'ಸ್ಟೆಪ್ಪಿಂಗ್ ಅಪ್' ಈ ಆಲ್ಬಂನ ಕೀಲಿಕೈ. ಡ್ರಿಲ್ಲಿಂಗ್ ಮಷಿನ್ ಗೋಡೆಗೆ ಇಳಿಯುವ ಸದ್ದು, ಗರಗಸದ ಸದ್ದು, ಇವೇ ಅದರ ವಾದ್ಯಗಳು. ಡ್ರಿಲ್ ಬಿಟ್ ಗಟ್ಟಿ ವಸ್ತುವಿಗೆ ತಾಗಿದಾಗ ಅದರ ಶ್ರುತಿ ಇಳಿಯುತ್ತದೆ, ಹೊರಗೆ ಎಳೆದಾಗ ಏರುತ್ತದೆ. ಆ ಏರಿಳಿತವನ್ನು ಕತ್ತರಿಸಿ ಬೀಟಿನ ಮೇಲೆ ಕೂರಿಸಿದ್ದಾರೆ. ಗಮನವಿಟ್ಟು ಕೇಳಿದರೆ ಅಲ್ಲೊಂದು ಲಯವಿದೆ, ಸುಮ್ಮನೆ ಹಾಕಿದ ಗಲಾಟೆಯಲ್ಲ. ಕೆಳಗಿನ ಭಾರವಾದ ಬೇಸ್ ಬ್ರಿಟನ್ನಿನ ಡಬ್‌ಸ್ಟೆಪ್ (ಬೇಸ್ ಪ್ರಧಾನವಾದ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ನಿರ್ಮಾಪಕ ರಸ್ಕೋ ಅವರ ಕೈಚಳಕ.

'ಬಾರ್ನ್ ಫ್ರೀ' ನಿಂತಿರುವುದು ನ್ಯೂಯಾರ್ಕಿನ 'ಸೂಯಿಸೈಡ್' ಎಂಬ ಸಂಗೀತ ಜೋಡಿಯ 1977ರ 'ಘೋಸ್ಟ್ ರೈಡರ್' ಹಾಡಿನ ತುಣುಕಿನ ಮೇಲೆ. ಮೂಲದಲ್ಲಿ ಅಗ್ಗದ ಡ್ರಮ್ ಮಷಿನ್ನು ಮತ್ತು ಒಂದೇ ಸಮನೆ ಕೊರೆಯುವ ಕೀಬೋರ್ಡ್ ಇವೆ. ಎಂ.ಐ.ಎ. ಅದರ ಮೇಲೆ ನಿಜವಾದ ಡ್ರಮ್ಮಿನ ಹೊಡೆತ ಹಾಕಿ, ತಮ್ಮ ದನಿಯನ್ನು ಪ್ರತಿಧ್ವನಿಯಲ್ಲಿ ಅದ್ದಿ ಹಿಂದಕ್ಕೆ ತಳ್ಳಿದ್ದಾರೆ. ಸಾಹಿತ್ಯ ಕಿವಿಗೆ ಬೀಳುವುದೇ ಕಷ್ಟ. 'ಮೆಡ್ಸ್ ಆ್ಯಂಡ್ ಫೆಡ್ಸ್'ನಲ್ಲಿ ಸ್ಲೇ ಬೆಲ್ಸ್ ಎಂಬ ಸಂಗೀತ ಜೋಡಿಯ ಡೆರೆಕ್ ಮಿಲ್ಲರ್ ಗಿಟಾರು ಸಿಡಿಯುವಷ್ಟು ಜೋರಾಗಿದೆ.

ನಡುನಡುವೆ ಮೆತ್ತಗಿನ ಹಾಡುಗಳೂ ಇವೆ, ತೊಂದರೆ ಶುರುವಾಗುವುದು ಅಲ್ಲೇ. 'ಎಕ್ಸ್‌ಎಕ್ಸ್‌ಎಕ್ಸ್‌ಓ' ಅಪ್ಪಟ ಪಾಪ್. 'ಇಟ್ ಟೇಕ್ಸ್ ಎ ಮಸಲ್' 1982ರ ಡಚ್ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡಿನ) ಹಾಡೊಂದರ ಜಮೈಕಾ ಶೈಲಿಯ ರೆಗೆ ರೂಪ. 'ಟೆಲ್ ಮಿ ವೈ'ನಲ್ಲಿ ಅಲಬಾಮಾದ ಚರ್ಚು ಗಾಯಕರ ಹಳೆಯ ಧ್ವನಿಮುದ್ರಣವಿದೆ, ಅದರ ಭವ್ಯತೆ ಇಡೀ ಆಲ್ಬಂನಲ್ಲಿ ಬೇರೆಲ್ಲೂ ಇಲ್ಲ. 'ಟೆಕ್ಕಿಲಾ' ಆರು ನಿಮಿಷ ದಾಟುತ್ತದೆ. ಮೂರೂವರೆ ನಿಮಿಷಕ್ಕೆ ಮುಗಿಸಬೇಕಾಗಿದ್ದ ಹಾಡು ಅದು, ನಾಲ್ಕನೇ ನಿಮಿಷದ ನಂತರ ಹೊಸದಾಗಿ ಹೇಳುವುದು ಏನೂ ಇಲ್ಲ. ನಾಲ್ಕನೆಯ ಜಾಗದಲ್ಲಿ ಅದನ್ನಿಟ್ಟದ್ದರಿಂದ ಮೊದಲ ಮೂರರಲ್ಲಿ ಕಟ್ಟಿದ ಬಿಗಿ ಸಡಿಲವಾಗುತ್ತದೆ.

ಬಿಡುಗಡೆಗೆ ಮುಂಚಿನ ಹನ್ನೊಂದು ವಾರ

ಏಪ್ರಿಲ್ 26ರಂದು 'ಬಾರ್ನ್ ಫ್ರೀ'ಯ ವೀಡಿಯೊ ಹೊರಬಂತು. ಸುಮಾರು ಒಂಬತ್ತು ನಿಮಿಷದ್ದು, ನಿರ್ದೇಶನ ರೊಮ್ಯಾಂ ಗಾವ್ರಾಸ್. ತೋಳಿನ ಮೇಲೆ ಅಮೆರಿಕದ ಬಾವುಟ ಹೊತ್ತ ಸಶಸ್ತ್ರ ಪಡೆ ಕೆಂಪು ಕೂದಲಿನವರನ್ನೇ ಹುಡುಕಿ ಹುಡುಕಿ ಬಸ್ಸಿಗೆ ತುಂಬುತ್ತದೆ, ಮರುಭೂಮಿಗೆ ಒಯ್ಯುತ್ತದೆ. ಒಬ್ಬ ಹುಡುಗನ ತಲೆಗೆ ಗುಂಡು ಹೊಡೆಯುತ್ತಾರೆ, ಉಳಿದವರನ್ನು ನೆಲಬಾಂಬಿನ ಬಯಲಿನಲ್ಲಿ ಓಡಿಸುತ್ತಾರೆ. ಯೂಟ್ಯೂಬ್ ಅದನ್ನು ಅಮೆರಿಕದಲ್ಲಿ ತೆಗೆದುಹಾಕಿತು. ಬೆದರಿಸಿ ಗಮನ ಸೆಳೆಯುವ ತಂತ್ರ ಎಂಬ ಮಾತು ಕೂಡಲೇ ಹಬ್ಬಿತು.

ಆ ಮಾತು ಬರೆದವರಲ್ಲಿ ಬಹಳ ಮಂದಿ ಒಂದು ಸಂಗತಿಯನ್ನು ಪಕ್ಕಕ್ಕೆ ಸರಿಸಿದರು. 2009ರ ಆಗಸ್ಟಿನಲ್ಲಿ ಬ್ರಿಟನ್ನಿನ ಚಾನೆಲ್ 4 ಒಂದು ದೃಶ್ಯ ಪ್ರಸಾರ ಮಾಡಿತ್ತು: ಶ್ರೀಲಂಕಾ ಸೈನಿಕರ ಸಮವಸ್ತ್ರದಲ್ಲಿದ್ದವರು ಬೆತ್ತಲೆ ಮಾಡಿ ಕೈ ಕಟ್ಟಿದ ತಮಿಳರನ್ನು ಒಬ್ಬೊಬ್ಬರಾಗಿ ತಲೆಗೆ ಗುಂಡಿಟ್ಟು ಕೊಲ್ಲುವ ದೃಶ್ಯ. ಕೊಲಂಬೊ ಅದನ್ನು ನಕಲಿ ಎಂದಿತು. 2010ರ ಜನವರಿಯಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಫಿಲಿಪ್ ಆಲ್‌ಸ್ಟನ್, ತಜ್ಞರ ಪರೀಕ್ಷೆಯಲ್ಲಿ ಅದು ಅಸಲಿ ಎಂದು ಕಂಡುಬರುತ್ತದೆ ಎಂದರು. ನಿಜವಾದ ಆ ಕೊಲೆಗಳ ದೃಶ್ಯಕ್ಕೆ ಜಗತ್ತು ತಿರುಗಿ ನೋಡಲಿಲ್ಲ, ನಟರಿಂದ ಮಾಡಿಸಿದ ಕೊಲೆಗೆ ಕೋಲಾಹಲ ಎದ್ದಿತು. ಆಕೆಯ ಸಿಟ್ಟಿನ ಮೂಲ ಅದು. ಗಾವ್ರಾಸ್ ಆರಿಸಿಕೊಂಡ ಕೆಂಪು ಕೂದಲಿನ ರೂಪಕ ತೀರಾ ಮೊಂಡು ಎನ್ನುವ ಟೀಕೆ ನಿಲ್ಲುತ್ತದೆ. ಆಧಾರವಿಲ್ಲದ ಅಬ್ಬರ ಎನ್ನುವ ಟೀಕೆ ನಿಲ್ಲುವುದಿಲ್ಲ.

ಮೇ ಕೊನೆಗೆ ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಯಲ್ಲಿ ಲಿನ್ ಹರ್ಷ್‌ಬರ್ಗ್ ಬರೆದ ದೊಡ್ಡ ಲೇಖನ ಬಂತು. ಶ್ರೀಮಂತ ಬ್ರಾನ್ಫ್‌ಮನ್ ಮನೆತನದ ಹುಡುಗನ ಜೊತೆ ನಿಶ್ಚಿತಾರ್ಥ, ಲಾಸ್ ಏಂಜಲೀಸ್‌ನ ಸಿರಿವಂತ ಬಡಾವಣೆಯಲ್ಲಿ ಮನೆ, ಬಾಯಲ್ಲಿ ಕ್ರಾಂತಿ, ಇದು ಅದರ ಧಾಟಿ. ಆ ಲೇಖನದಿಂದ ಜನರ ನಾಲಿಗೆಗೆ ಹತ್ತಿದ್ದು ಒಂದೇ ವಿವರ: ಹೊರಗಿನವಳಾಗಿರಬೇಕು ಎಂಬ ಅರ್ಥದ ಮಾತಾಡುತ್ತ ಆಕೆ ಟ್ರಫಲ್ ಎಂಬ ದುಬಾರಿ ಅಣಬೆಯ ರುಚಿ ಸವರಿದ ಆಲೂಗಡ್ಡೆ ಫ್ರೈ ತಿಂದರು ಎಂಬುದು. ಎಂ.ಐ.ಎ. ಮಾಡಿದ ಪ್ರತೀಕಾರವೂ ಸಣ್ಣದಲ್ಲ. ಲೇಖಕಿಯ ಫೋನ್ ನಂಬರನ್ನು ಟ್ವಿಟರ್‌ನಲ್ಲಿ ಹಾಕಿಬಿಟ್ಟರು, ಅದು ಸಮರ್ಥಿಸುವಂಥ ಕೆಲಸವಲ್ಲ. ಆಮೇಲೆ ತಾವು ಗುಟ್ಟಾಗಿ ಮಾಡಿಕೊಂಡಿದ್ದ ಧ್ವನಿಮುದ್ರಣವನ್ನು ಹೊರಗಿಟ್ಟರು. ಆ ತಿಂಡಿಯ ಮಾತು ತೆಗೆದದ್ದು ಲೇಖಕಿಯೇ ಎಂದು ಅದರಲ್ಲಿ ಕೇಳಿಸಿತು. ಒಂದು ಉಲ್ಲೇಖದಲ್ಲಿ ಸಂದರ್ಶನದ ಬೇರೆ ಬೇರೆ ಭಾಗದ ಮಾತುಗಳನ್ನು ಕೂಡಿಸಲಾಗಿತ್ತು ಎಂದು ಪತ್ರಿಕೆ ಸಂಪಾದಕರ ಟಿಪ್ಪಣಿ ಸೇರಿಸಬೇಕಾಯಿತು.

ಟಿಪ್ಪಣಿ ಬರುವ ಹೊತ್ತಿಗೆ ಹಾನಿ ಆಗಿಹೋಗಿತ್ತು. ಆರು ವಾರದ ನಂತರ ಆಲ್ಬಂ ಬಂದಾಗ ವಿಮರ್ಶೆಯ ಮೊದಲ ಪ್ಯಾರಾದಲ್ಲೇ ಫ್ರೈ ಬರುವುದು ರೂಢಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಗಾಯಕಿಯ ಮೇಲಿನ ಕೋಪವನ್ನು ಡ್ರಮ್ಮಿನ ಮೇಲೆ ತೀರಿಸಿಕೊಂಡವರು ಹಲವರು.

ನಾಲ್ಕು ಆರೋಪ, ಒಂದೊಂದಾಗಿ

ವಿಮರ್ಶೆಗಳಲ್ಲಿ ಕಲಸಿಹೋಗಿದ್ದ ಆರೋಪಗಳನ್ನು ಬೇರೆ ಬೇರೆ ತಟ್ಟೆಗೆ ಹಾಕಿದರೆ ನಾಲ್ಕು ಸಿಗುತ್ತವೆ: ಗದ್ದಲ ಹೆಚ್ಚು, ಹಾಡಿಲ್ಲ, ರಾಜಕೀಯ ತೆಳು, ನಡೆನುಡಿ ಒಂದಲ್ಲ.

ಗದ್ದಲದ ವಿಚಾರ. ಡಿಜಿಟಲ್ ಧ್ವನಿಗೆ ಒಂದು ಮೇಲ್ಮಿತಿ ಇದೆ. 16 ಬಿಟ್ ಸಿ.ಡಿ.ಯಲ್ಲಿ ಒಂದು ಮಾದರಿಯ (ಒಂದು ಕ್ಷಣದಲ್ಲಿ ತೆಗೆದ ಅಲೆಯ ಅಳತೆಯ) ಗರಿಷ್ಠ ಬೆಲೆ 32,767. ಅದನ್ನು ಮೀರಿ ತಳ್ಳಿದರೆ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಹೀಗೆ ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿ ಇಲ್ಲದ ಬೆಸ ಸಂಖ್ಯೆಯ ಸ್ವರಗಳು ಹುಟ್ಟುತ್ತವೆ: 100 ಹರ್ಟ್ಸ್‌ನ ಬೇಸ್‌ಗೆ 300, 500, 700 ಹೀಗೆ ಮೇಲಕ್ಕೆ. ನಮ್ಮ ಕಿವಿ 2,000ದಿಂದ 5,000 ಹರ್ಟ್ಸ್ ನಡುವೆ ಅತಿ ಚುರುಕು, ಆ ಪಟ್ಟಿಗೆ ಹೀಗೆ ಹುಟ್ಟಿದ ಸ್ವರಗಳು ಬಂದು ಬಿದ್ದಾಗ ಚುಚ್ಚಿದ ಹಾಗಾಗುತ್ತದೆ. ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ 'ಸ್ಟೆಪ್ಪಿಂಗ್ ಅಪ್' ಕೇಳಿದರೆ ರಸ್ಕೋ ಬೇಸಿನ ಹೊಟ್ಟೆ ಮಾಯ, ಅದರ ಕೆರೆತ ಮತ್ತು ಡ್ರಿಲ್ ಮಾತ್ರ ಉಳಿಯುತ್ತದೆ. ಕೆಳಗಿನ ನೆಲವೇ ಇಲ್ಲದ ಗೋಡೆ ಅದು. ಒಳ್ಳೆಯ ಸಬ್‌ವೂಫರ್ ಇರುವ ಕೋಣೆಯಲ್ಲಿ ಅದೇ ಹಾಡು ತೂಗುತ್ತದೆ, ಕುಣಿಸುತ್ತದೆ ಕೂಡ.

ಹಾಗಿದ್ದರೂ ಗದ್ದಲವನ್ನೇ ತಪ್ಪು ಎನ್ನುವುದಕ್ಕೆ 2010ರಲ್ಲೇ ಒಂದು ನೇರ ಉತ್ತರ ಇತ್ತು. ಅದೇ ವರ್ಷ ಮೇ ತಿಂಗಳಲ್ಲಿ ಸ್ಲೇ ಬೆಲ್ಸ್‌ನ 'ಟ್ರೀಟ್ಸ್' ಬಂತು. ಆರಂಭದಿಂದ ಕೊನೆಯವರೆಗೆ ಕ್ಲಿಪ್ಪಿಂಗಿನಲ್ಲೇ ಕಟ್ಟಿದ ಆಲ್ಬಂ ಅದು. ಅದನ್ನು ಹೊರತಂದ ಸಂಸ್ಥೆಗಳಲ್ಲಿ ಒಂದು ಎಂ.ಐ.ಎ. ಅವರದೇ ಆದ ನೀಟ್. 'ಮೆಡ್ಸ್ ಆ್ಯಂಡ್ ಫೆಡ್ಸ್'ನಲ್ಲಿ ಗಿಟಾರು ಸಿಡಿಸಿದ ಮಿಲ್ಲರ್ ಅವರದೇ ಆ ಆಲ್ಬಂ. ಪಿಚ್‌ಫೋರ್ಕ್ ಅದಕ್ಕೆ 8.7 ಕೊಟ್ಟಿತು. ಒಂದೇ ಕೈ, ಒಂದೇ ಬಗೆಯ ಸಿಡಿತ, ಒಂದೇ ಬೇಸಿಗೆ: ಒಂದಕ್ಕೆ 8.7, ಇನ್ನೊಂದಕ್ಕೆ 4.4. ಆದ್ದರಿಂದ ಸದ್ದಿನ ಕರ್ಕಶತೆ ಒಂದೇ ಈ ತೀರ್ಪನ್ನು ವಿವರಿಸುವುದಿಲ್ಲ. ವ್ಯತ್ಯಾಸ ಇದ್ದದ್ದು ಸಿಡಿತದ ಕೆಳಗಿನ ರಾಗದಲ್ಲಿ, ಮತ್ತು ಸಿಟ್ಟಿನ ವಸ್ತುವಿನಲ್ಲಿ. 'ಟ್ರೀಟ್ಸ್' ಯಾವ ಸರಕಾರದ ಮೇಲೂ ಬೆರಳು ತೋರಿಸುವುದಿಲ್ಲ, ಅದರ ಜೋರು ಪಾರ್ಟಿಯ ಜೋರು. 'ಮಾಯಾ'ದ ಜೋರಿಗೆ ವಿಳಾಸವಿದೆ.

ಎರಡನೆಯ ಆರೋಪ, ಹಾಡಿಲ್ಲ ಎಂಬುದು, ಗಟ್ಟಿಯಾಗಿದೆ. 'ಟ್ರೀಟ್ಸ್'ನಲ್ಲಿ ಗದ್ದಲದ ನಡುವೆ ಬಾಯಿಗೆ ಹತ್ತುವ ಸಾಲು ಸಿಗುತ್ತದೆ. 'ಮಾಯಾ'ದಲ್ಲಿ ದನಿಯನ್ನು ಹಲವು ಕಡೆ ಪರಿಣಾಮಗಳ ಕೆಳಗೆ ಹೂತುಹಾಕಿದ್ದಾರೆ. 'ಬಾರ್ನ್ ಫ್ರೀ'ಯಲ್ಲಿ ಅದು ಒಪ್ಪುತ್ತದೆ, ಏಕೆಂದರೆ ಅಲ್ಲಿ ದನಿ ಇನ್ನೊಂದು ವಾದ್ಯ. 'ಸ್ಟೋರಿ ಟು ಬಿ ಟೋಲ್ಡ್' ಎಂದು ಹೆಸರಿಟ್ಟು ಹೇಳುವ ಕತೆಯೇ ಕೇಳಿಸದಿದ್ದರೆ ಅದು ಮಿಕ್ಸಿಂಗಿನ, ಅಂದರೆ ದನಿ-ವಾದ್ಯಗಳನ್ನು ಹೊಂದಿಸುವ ಕೆಲಸದ, ಸೋಲು. ಮೆತ್ತಗಿನ ಪಾಪ್ ಮತ್ತು ಕೊರೆಯುವ ಯಂತ್ರಗಳ ನಡುವೆ ಆಲ್ಬಂ ಒಂದು ಕಡೆಗೂ ಪೂರ್ತಿ ವಾಲುವುದಿಲ್ಲ. ಹತ್ತು ಹಾಡಿಗೆ ಇಳಿಸಿ, 'ಟೆಕ್ಕಿಲಾ'ವನ್ನು ಅರ್ಧ ಮಾಡಿ, 'ಟೆಲ್ ಮಿ ವೈ'ಯನ್ನು ಕೊನೆಗೆ ಇಟ್ಟಿದ್ದರೆ ವಿಮರ್ಶಕರ ಬಾಯಿ ಅರ್ಧ ಮುಚ್ಚುತ್ತಿತ್ತು.

ರಾಜಕೀಯ ತೆಳು ಎಂಬ ಮೂರನೆಯದಕ್ಕೆ ಹಾಡು ಹಾಡಾಗಿ ಉತ್ತರ ಬೇರೆ. 'ದ ಮೆಸೇಜ್'ನದು ನೇರ ಹೇಳಿಕೆ. 'ಲವಲಾಟ್' ಕಷ್ಟದ್ದು. 2010ರ ಮಾರ್ಚ್ 29ರಂದು ಮಾಸ್ಕೋ ಮೆಟ್ರೊದಲ್ಲಿ ಇಬ್ಬರು ಹೆಂಗಸರು ಬಾಂಬ್ ಸಿಡಿಸಿಕೊಂಡು ಸುಮಾರು ನಲವತ್ತು ಜನರನ್ನು ಕೊಂದರು. ಅವರಲ್ಲಿ ಒಬ್ಬಳು ದಾಗೆಸ್ತಾನದ ಹದಿನೇಳರ ಹುಡುಗಿ, ಬಂದೂಕು ಹಿಡಿದು ಗಂಡನ ಜೊತೆ ನಿಂತ ಅವಳ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಆ ಚಿತ್ರದಿಂದ ಹುಟ್ಟಿದ ಹಾಡಿದು. ಪ್ರೀತಿಯ ಮಾತು ಮತ್ತು ಅಲ್ಲಾಹನ ಹೆಸರು ಒಂದೇ ಉಚ್ಚಾರದಲ್ಲಿ ಸೇರಿ ಕೇಳುವ ಹಾಗೆ ಹಾಡಿದ್ದಾರೆ. ಸತ್ತವರ ನೆರಳೂ ಅದರಲ್ಲಿ ಇಲ್ಲ. ಹುಡುಗಿಯ ತಲೆಯೊಳಗೆ ಹೊಕ್ಕು ನೋಡುವ ಹಕ್ಕು ಕಲೆಗೆ ಇದೆ, ಆದರೆ ಮೂರು ನಿಮಿಷದ ಬೀಟಿನೊಳಗೆ ಅಷ್ಟು ದೊಡ್ಡ ಹೊರೆ ಹೊರುವ ಸಾಹಿತ್ಯ ಅಲ್ಲಿ ಬರೆದಿಲ್ಲ. ಇಲ್ಲಿ ವಿಮರ್ಶಕರ ಅಸಮಾಧಾನ ನ್ಯಾಯವಾದದ್ದು.

ಎಲ್.ಟಿ.ಟಿ.ಇ. ವಿಚಾರದಲ್ಲೂ ಪ್ರಾಮಾಣಿಕ ಓದುಗರಿಗೆ ಪ್ರಶ್ನೆಗಳು ಉಳಿಯುತ್ತವೆ. ಮೊದಲ ದಿನದಿಂದಲೂ ಆಕೆಯ ಚಿತ್ರಗಳಲ್ಲಿ ಹುಲಿಯಿತ್ತು. ಮಕ್ಕಳ ಕೈಗೆ ಬಂದೂಕು ಕೊಟ್ಟ, ತನ್ನದೇ ಸಮುದಾಯದ ಭಿನ್ನ ದನಿಗಳನ್ನು ಕೊಂದ ಸಂಘಟನೆ ಅದು. ಬೆಂಗಳೂರಿನವರಿಗಂತೂ ಅದು ದೂರದ ಸುದ್ದಿಯಲ್ಲ: ರಾಜೀವ್ ಗಾಂಧಿ ಹತ್ಯೆಯ ಸಂಚುಗಾರ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟಿನಲ್ಲಿ ಸತ್ತದ್ದು ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ. ಹುಲಿಯ ಚಿತ್ರವನ್ನು ಬರೀ ಫ್ಯಾಷನ್ ಎಂದು ಬರೆದ ಲಂಡನ್ ವಿಮರ್ಶಕರಿಗೆ ಈ ಭಾರ ಗೊತ್ತಿರಲಿಲ್ಲ. ಅತ್ತ, ತಮಿಳು ನಾಗರಿಕರ ಸಾವಿನ ಬಗ್ಗೆ ಆಕೆ ಕೂಗಿ ಹೇಳಿದ್ದು ಸುಳ್ಳೂ ಅಲ್ಲ. ಯುದ್ಧದ ಕೊನೆಯ ಹಂತದಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. 2010ರಲ್ಲಿ ಆಕೆಯನ್ನು ಅತಿರೇಕದವಳು ಎಂದು ತಳ್ಳಿಹಾಕಿದ ಬರಹಗಳ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ಓದಬೇಕು.

ನಾಲ್ಕನೆಯ ಆರೋಪಕ್ಕೆ ಹೆಚ್ಚು ಮಾತು ಬೇಡ. ದೊಡ್ಡ ಮನೆಯಲ್ಲಿ ವಾಸಿಸುವುದರಿಂದ ಡ್ರಿಲ್ಲಿನ ಬೀಟು ಸಡಿಲವಾಗುವುದಿಲ್ಲ. ಅದು ವ್ಯಕ್ತಿಚಿತ್ರಕ್ಕೆ ಸಾಮಗ್ರಿ, ಧ್ವನಿವಿಮರ್ಶೆಗೆ ಅಲ್ಲ.

ಆಮೇಲೆ ಬದಲಾದದ್ದು

2013ರ ಜೂನ್‌ನಲ್ಲಿ ಅಮೆರಿಕದ ಗೂಢಚರ ಸಂಸ್ಥೆಗೆ ಗುತ್ತಿಗೆಯಲ್ಲಿ ದುಡಿದಿದ್ದ ಎಡ್ವರ್ಡ್ ಸ್ನೋಡನ್ ಹೊರತಂದ ದಾಖಲೆಗಳನ್ನು ಗಾರ್ಡಿಯನ್ ಮತ್ತು ವಾಷಿಂಗ್ಟನ್ ಪೋಸ್ಟ್ ಪ್ರಕಟಿಸಿದವು. ಪ್ರಿಸಂ ಎಂಬ ಅಮೆರಿಕದ ಗೂಢಚರ ಯೋಜನೆಯ ಪಟ್ಟಿಯಲ್ಲಿ ಒಂಬತ್ತು ಕಂಪನಿಗಳ ಹೆಸರಿತ್ತು, ಗೂಗಲ್, ಆ್ಯಪಲ್ ಮತ್ತು ಯೂಟ್ಯೂಬ್ ಸೇರಿ. 'ದ ಮೆಸೇಜ್'ನ ಸರಪಳಿ ಮೂರು ವರ್ಷ ಮುಂಚೆ ಹೇಳಿದ್ದು ಅದನ್ನೇ. 2010ರಲ್ಲಿ ಆ ತುಣುಕನ್ನು ಹುಚ್ಚು ಅನುಮಾನ ಎಂದು ನಕ್ಕು ಬಿಟ್ಟವರು ಮತ್ತೆ ಅದಕ್ಕೆ ಮರಳಬೇಕಾಯಿತು, ಆಲ್ಬಂ ಕಾಲಕ್ಕಿಂತ ಮುಂದಿತ್ತು ಎನ್ನುವ ಬರಹಗಳು ಒಂದೊಂದಾಗಿ ಬಂದವು. 2018ರಲ್ಲಿ ಎಂ.ಐ.ಎ. ಬಗ್ಗೆ ಸ್ಟೀವ್ ಲವ್‌ರಿಜ್ ಮಾಡಿದ ಸಾಕ್ಷ್ಯಚಿತ್ರ ಸನ್‌ಡಾನ್ಸ್ ಉತ್ಸವಕ್ಕೆ ಬಂದಾಗ ಫ್ರೈ ಪ್ರಸಂಗವನ್ನೂ ಜನ ಮತ್ತೆ ಬೇರೆ ಕಣ್ಣಿನಿಂದ ನೋಡಿದರು.

ಈ ಮರುಓದಿನಲ್ಲೂ ಒಂದು ಜಾರುವಿಕೆ ಇದೆ. ಭವಿಷ್ಯ ನಿಜವಾಯಿತು ಎಂಬ ಕಾರಣಕ್ಕೆ ಹಾಡು ಚೆನ್ನಾಗಿ ಆಗುವುದಿಲ್ಲ. 'ದ ಮೆಸೇಜ್' ಹೇಳಿದ್ದು ಸರಿ, ಆದರೂ ಸಂಗೀತವಾಗಿ ಅದು ಒಂದು ಮುನ್ನುಡಿ ಅಷ್ಟೇ. 'ಸ್ಟೆಪ್ಪಿಂಗ್ ಅಪ್' ಯಾವ ಭವಿಷ್ಯವನ್ನೂ ಹೇಳಲಿಲ್ಲ, ಅದು 2010ರಲ್ಲೂ ಒಳ್ಳೆಯ ಹಾಡು, ಇವತ್ತೂ ಒಳ್ಳೆಯ ಹಾಡು. ಮರುಮೌಲ್ಯಮಾಪನದ ಶ್ರೇಯಸ್ಸು ಇಂಥವಕ್ಕೆ ಸಿಗಬೇಕಿತ್ತು.

ಇನ್ನೊಂದು ತಾಂತ್ರಿಕ ಕಾರಣವನ್ನೂ ಮರೆಯುವ ಹಾಗಿಲ್ಲ. ಸ್ಪಾಟಿಫೈ ಮುಂತಾದ ಸೇವೆಗಳು ಈಗ ಎಲ್ಲ ಹಾಡುಗಳ ಜೋರನ್ನು ಒಂದೇ ಮಟ್ಟಕ್ಕೆ ತರುತ್ತವೆ. ಸ್ಪಾಟಿಫೈನಲ್ಲಿ ಸಾಮಾನ್ಯ ಮಟ್ಟ ಮೈನಸ್ 14 ಲಫ್ಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ). 'ಮಾಯಾ'ದಂಥ ಜೋರು ಆಲ್ಬಂ ಅಲ್ಲಿ ತಾನಾಗಿಯೇ ತಗ್ಗುತ್ತದೆ. ಸಿ.ಡಿ. ಹಾಕಿ ಕೇಳಿದ 2010ರ ವಿಮರ್ಶಕರಿಗೆ ಬಿದ್ದ ಏಟು ಇವತ್ತಿನ ಕೇಳುಗನಿಗೆ ಬೀಳುವುದಿಲ್ಲ. ಈಗಿನವರಿಗೆ ಅದು ಅಷ್ಟೇನೂ ಕರ್ಕಶವಲ್ಲ ಎನಿಸುವುದರಲ್ಲಿ ಇದರ ಪಾಲೂ ಇರಬೇಕು.

ಇಂಥ ಆಲ್ಬಂ ಬಗ್ಗೆ ಬರೆಯುವವರಿಗೆ

ಸಂದರ್ಶನ ಓದುವ ಮುಂಚೆ ಆಲ್ಬಂ ಎರಡು ಸಲ ಕೇಳಿ ಮುಗಿಸಿ. ಮೊದಲ ಸಲ ಇಯರ್‌ಫೋನು, ಎರಡನೇ ಸಲ 50 ಹರ್ಟ್ಸ್‌ವರೆಗೆ ಇಳಿಯಬಲ್ಲ ಸ್ಪೀಕರು. ಫೋನಿನ ಸ್ಪೀಕರಿನಲ್ಲಿ ಕೇಳಿ ಬೇಸ್ ಬಗ್ಗೆ ತೀರ್ಪು ಕೊಡಬೇಡಿ. ಹಳೆಯ ಆಲ್ಬಂ ಜೊತೆ ಹೋಲಿಸುವಾಗ ಎರಡರ ಜೋರನ್ನೂ ಲಫ್ಸ್ ಮೀಟರಿನಲ್ಲಿ ನೋಡಿ ಸಮ ಮಾಡಿಕೊಳ್ಳಿ. ಒಂದು ಡೆಸಿಬೆಲ್ ವ್ಯತ್ಯಾಸವೂ ಯಾವುದು ಚೆನ್ನ ಎಂಬ ಅನಿಸಿಕೆಯನ್ನು ತಿರುಗಿಸಬಲ್ಲದು. ಪ್ರತಿ ಹಾಡಿಗೂ ಟಿಪ್ಪಣಿಯನ್ನು ಎರಡು ಕಾಲಮ್ಮಿನಲ್ಲಿ ಬರೆಯಿರಿ, ಸದ್ದು ಒಂದರಲ್ಲಿ, ಮಾತು ಇನ್ನೊಂದರಲ್ಲಿ. ಕ್ಲಿಪ್ಪಿಂಗ್ ಬೇಕೆಂದೇ ಮಾಡಿದ್ದೋ ಅಜಾಗರೂಕತೆಯೋ ಎಂದು ತಿಳಿಯಲು ಹಾಡಿನ ಮೆತ್ತಗಿನ ಭಾಗ ಕೇಳಿ: ಅಲ್ಲಿ ದನಿ ಸ್ವಚ್ಛವಾಗಿದ್ದು ಡ್ರಮ್ ಬಂದಾಗ ಮಾತ್ರ ಸಿಡಿದರೆ ಅದು ನಿರ್ಧಾರ, ಎಲ್ಲೆಡೆಯೂ ಒಂದೇ ಮಬ್ಬಾಗಿದ್ದರೆ ಮಾಸ್ಟರಿಂಗ್ (ಮುದ್ರಣಕ್ಕೆ ಕೊಡುವ ಕೊನೆಯ ಹದ) ಕೆಟ್ಟಿದೆ. ರಾಜಕೀಯದ ಹೇಳಿಕೆ ಕಂಡರೆ ಅದರ ಘಟನೆ, ದಿನಾಂಕ, ಸ್ಥಳ ಹುಡುಕಿ. 'ಬಾರ್ನ್ ಫ್ರೀ'ಯ ಬಗ್ಗೆ ಬರೆದವರು ಆಲ್‌ಸ್ಟನ್ ಹೇಳಿಕೆಯನ್ನು ಹುಡುಕಿದ್ದರೆ ಅರ್ಧ ಗಂಟೆಯಲ್ಲಿ ಸಿಗುತ್ತಿತ್ತು. ಕಲಾವಿದರ ಬದುಕಿನ ವಿವರವನ್ನು ಬಳಸಲೇಬೇಕಿದ್ದರೆ ಅದು ಯಾವ ಹಾಡಿನ ಯಾವ ಜಾಗದಲ್ಲಿ ಕೇಳಿಸುತ್ತದೆ ಎಂದು ತೋರಿಸಿ. ತೋರಿಸಲಾಗದಿದ್ದರೆ ಆ ಸಾಲು ಹೊಡೆದುಹಾಕಿ.

2010ರ ಡಿಸೆಂಬರ್ 31ರಂದು ಎಂ.ಐ.ಎ. 'ವಿಕಿ ಲೀಕ್ಸ್' ಎಂಬ ಮಿಕ್ಸ್‌ಟೇಪನ್ನು (ಆಲ್ಬಂ ಅಲ್ಲದ ಹಾಡುಗಳ ಗೊಂಚಲು) ಪುಕ್ಕಟೆಯಾಗಿ ಹೊರಬಿಟ್ಟರು. ಗುಟ್ಟಿನ ದಾಖಲೆಗಳನ್ನು ಬಯಲಿಗಿಟ್ಟ ವಿಕಿಲೀಕ್ಸ್ ಜಾಲತಾಣದ ಹೆಸರನ್ನೇ ಹೆಣ್ಣಿನ ಹೆಸರಾಗಿ ತಿರುಚಿದ್ದು, ಸಿಟ್ಟು ಅದೇ, ಅಂತರ್ಜಾಲದ ಗೀಳೂ ಅದೇ, ಆದರೆ ಹಾಡುಗಳು ಚಿಕ್ಕವು, ದನಿ ಮುಂದಕ್ಕೆ ಬಂದಿತ್ತು. ಅದರೊಳಗಿದ್ದ 'ಬ್ಯಾಡ್ ಗರ್ಲ್ಸ್' 2012ರಲ್ಲಿ ಪೂರ್ಣ ರೂಪದಲ್ಲಿ ಬಂತು. ವೀಡಿಯೊ ಮಾಡಿದವರು ಮತ್ತೆ ರೊಮ್ಯಾಂ ಗಾವ್ರಾಸ್, ಚಿತ್ರೀಕರಣ ಮೊರಾಕ್ಕೊದಲ್ಲಿ. ಎರಡು ಚಕ್ರದ ಮೇಲೆ ವಾಲಿ ಓಡುವ ಕಾರುಗಳು, ಬಾಗಿಲಿನ ಹೊರಗೆ ಕೂತ ಹೆಂಗಸರು. ಎರಡು ವರ್ಷ ಮುಂಚೆ ಇದೇ ಜೋಡಿಯನ್ನು ಅಗ್ಗದ ಗಿಮಿಕ್ ಎಂದು ಬೈದ ವಲಯವೇ ಆ ವೀಡಿಯೊವನ್ನು ಕೊಂಡಾಡಿತು. ಅದೇ ವರ್ಷ ಎಂ.ಟಿ.ವಿ. ಪ್ರಶಸ್ತಿಯಲ್ಲಿ ನಿರ್ದೇಶನ ಮತ್ತು ಛಾಯಾಗ್ರಹಣ ಎರಡೂ ಅದಕ್ಕೇ ಬಂದವು.